ರಂಗರಾಯರ ಹೆಸರಿನ ಪುರಭವನದಲ್ಲಿ ಒಂದು ಲೆಕ್ಕ ಓದಿಸಿ

ಮಂಗಳೂರು ಮಹಾನಗರ ಪಾಲಿಕೆಯ ಆಯುಕ್ತರಿಗೆ,

ಮಾನ್ಯರೆ, ನಮಸ್ಕಾರ.

ರಿಕ್ಷಾದವರಿಗೆ ‘ಟೌನ್‌ಹಾಲ್’ ಎಂದರೆ ಸಾಕು, ತಂದು ಇಳಿಸುತ್ತಾರೆ. ಆ ಕಟ್ಟಡದ ಹೆಸರು ಕುದ್ಮುಲ್ ರಂಗರಾವ್ ಪುರಭವನ. ಈ ಊರಿನಲ್ಲಿ ಇಪ್ಪತ್ತೆಂಟು ವರ್ಷ ಮೇಷ್ಟ್ರಾಗಿದ್ದವನು ನಾನು. ಅದು ಯಾರ ಹೆಸರೆಂದು ಕೇಳಿದಾಗಲೆಲ್ಲ ನನ್ನ ತರಗತಿ ಸುಮ್ಮನಾಗುತ್ತಿತ್ತು. ಆ ಮೌನ ನನಗಿನ್ನೂ ಚುಚ್ಚುತ್ತದೆ.

ಕಾಸರಗೋಡಿನಲ್ಲಿ 1859ರ ಜೂನ್ 29ರಂದು ಸಾರಸ್ವತ ಮನೆಯಲ್ಲಿ ಹುಟ್ಟಿದ ರಂಗರಾಯರು ವೃತ್ತಿಯಲ್ಲಿ ವಕೀಲರು. ದಲಿತ ಮಕ್ಕಳಿಗೆಂದು ಅವರು ಶಾಲೆ ತೆರೆದದ್ದು 1892ರಲ್ಲಿ. ಗಾಂಧೀಜಿ ಆಗಿನ್ನೂ ದಕ್ಷಿಣ ಆಫ್ರಿಕಕ್ಕೆ ಹೊರಟಿರಲಿಲ್ಲ. ಅಂಬೇಡ್ಕರ್ ಒಂದು ವರ್ಷದ ಕೂಸು. ಕಲಿಸಲು ಮೇಲ್ಜಾತಿಯ ಮೇಷ್ಟ್ರುಗಳು ಬರಲಿಲ್ಲ, ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಮಕ್ಕಳು ಹಸಿದು ಬರುತ್ತಿದ್ದರು, ಮಧ್ಯಾಹ್ನ ಊಟ ಹಾಕಿದರು. ಒಂದು ಕಡೆ ಶಾಲೆ ನಡೆಯಗೊಡದಿದ್ದಾಗ ಇನ್ನೊಂದು ಕಡೆ ತೆರೆದರು. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. ಯಾರ ಮೇಲೂ ಕೈ ಎತ್ತದೆ, ಯಾರನ್ನೂ ಹಳಿಯದೆ 1897ರಲ್ಲಿ ದಲಿತರ ಏಳಿಗೆಗೆಂದು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಕೈಕಸುಬು, ಮನೆ ಕಟ್ಟಿಕೊಳ್ಳಲು ಜಾಗ, ಕೊರಗ ಬುಡಕಟ್ಟಿನವರ ಬದುಕು, ಎಲ್ಲಕ್ಕೂ ಅಲ್ಲಿ ಜಾಗವಿತ್ತು.

ಅವರದೊಂದು ಆಸೆಯಿತ್ತು. ತನ್ನ ಶಾಲೆಯಲ್ಲಿ ಕಲಿತ ದಲಿತ ಮಗು ಸರ್ಕಾರಿ ಕೆಲಸಕ್ಕೆ ಸೇರಿ ಊರ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು. ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂದವರು ಅವರು. ಬೇರೆ ಯಾವ ಸುಧಾರಕನೂ ಇಷ್ಟು ತಗ್ಗಿ ಏನನ್ನಾದರೂ ಬೇಡಿದ್ದನ್ನು ನಾನು ಓದಿಲ್ಲ.

1928ರ ಜನವರಿ 30ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆಯೇ, ಶವಕ್ಕೆ ಹೆಗಲು ಕೊಟ್ಟವರು ಊರು ಶುಚಿ ಮಾಡುತ್ತಿದ್ದ ತೋಟಿಗಳು. ಇವತ್ತು ನಿಮ್ಮ ಹಾಜರಿ ಪುಸ್ತಕದಲ್ಲಿ ಪೌರಕಾರ್ಮಿಕರೆಂದು ಹೆಸರಿರುವವರು ಮಾಡುವುದು ಅದೇ ತೋಟಿಗಳ ಕೆಲಸ. ಅವರು ಬೆಳಗಾಗುವ ಮೊದಲೇ ಬೀದಿಗಿಳಿಯುತ್ತಾರೆ, ಅವರ ಮಕ್ಕಳನ್ನು ಶಾಲೆಗೆ ಹೊರಡಿಸುವವರು ಯಾರು? ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ದಾಟುತ್ತಾರೆ, ಎಷ್ಟು ಮಕ್ಕಳು ಕಾಲೇಜು ಮೆಟ್ಟಿಲು ಹತ್ತುತ್ತಾರೆ?

ಪಾಲಿಕೆಯ ವರಮಾನದಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರ ಏಳಿಗೆಗೆ ಮೀಸಲು. ಆ ನಿಧಿಯಲ್ಲಿ ಈ ಮಕ್ಕಳ ಓದಿಗೆ ವರ್ಷದಲ್ಲಿ ಎಷ್ಟು ಹೋಯಿತು, ಯಾರ ಕೈ ಸೇರಿತು ಎಂಬುದನ್ನು ಪ್ರತಿ ವರ್ಷ ರಂಗರಾಯರು ಹುಟ್ಟಿದ ದಿನವಾದ ಜೂನ್ 29ರಂದು ಪುರಭವನದ ವೇದಿಕೆಯಿಂದ ಓದಿ ಹೇಳಿಸಿ. ಸಮಾಧಿಗೆ ಹಾರ ಹಾಕಿ ಬಂದ ಮೇಲೆ ಅದೇ ಆ ದಿನದ ಮುಖ್ಯ ಕಾರ್ಯಕ್ರಮವಾಗಲಿ. ಕಡಿಮೆಯಿದ್ದರೆ ಕಡಿಮೆಯೆಂದೇ ಓದಲಿ.

ಅಂದು ಮುಂದಿನ ಸಾಲಿನ ಕುರ್ಚಿಗಳನ್ನು ಅತಿಥಿಗಳಿಗೆಂದು ಕಾದಿರಿಸಬೇಡಿ. ಅಲ್ಲಿ ಪೌರಕಾರ್ಮಿಕರೂ ಅವರ ಮಕ್ಕಳೂ ಕೂರಲಿ. ನಾನು ಹಿಂದೆ ನಿಂತು ಕೇಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ಮಂಗಳೂರು