ಅವ್ವನ ಕಣ್ಣಿನ ವಿಚಾರವಾಗಿ, ಮೊಲೀನ್‌ನಿಂದ

ಮೊಲೀನ್, ಇಲಿನಾಯ್, ಅಮೆರಿಕ

ತೀರ್ಥರೂಪ ಅಪ್ಪನವರಿಗೆ ಮಗ ಬಸವರಾಜನ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನಿಮ್ಮ ಪತ್ರ ಸೋಮವಾರ ಕೈಸೇರಿತು. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿದೆಯೆಂದು ಡಾಕ್ಟರರು ಹೇಳಿ ಮೂರು ತಿಂಗಳಾದರೂ, ಶಾಂತಕ್ಕನ ಮಗಳ ಮದುವೆಯ ಇಳಕಲ್ ಸೀರೆಗೆ ಕಸೂತಿ ಮುಗಿಯುವ ತನಕ ಆಪರೇಶನ್ ಬೇಡವೆಂದು ಆಕೆ ಹಟ ಹಿಡಿದಿರುವುದನ್ನು ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಎಳೆ ಎಣಿಸಿ ಹಾಕುವ ಕೆಲಸವದು. ಒಂದೆಳೆ ತಪ್ಪಿದರೆ ಗೋಪುರವೇ ಓರೆಯಾಗುತ್ತದೆ. ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು ಹೀಗೇ ನಡೆದರೆ ಆ ಸೀರೆ ಯಾವಾಗ ಮುಗಿದೀತು? ಫೋನಿನಲ್ಲಿ ಹೇಳಿದರೆ ಅವ್ವ ಮಾತು ಮರೆಸುತ್ತಾಳೆ. ಆದ್ದರಿಂದ ಇದನ್ನು ಆಕೆಗೆ ಓದಿ ಹೇಳಿರಿ.

ಕಳೆದ ಶನಿವಾರ ಇಲ್ಲಿಯ ಬೆಲ್ಜಿಯಂ ಸಂಸ್ಕೃತಿ ಕೇಂದ್ರಕ್ಕೆ ಹೋಗಿದ್ದೆ. ನಮ್ಮ ಎರೆಹೊಲದಂತೆಯೇ ಈ ಸೀಮೆಯ ಕಪ್ಪು ಮಣ್ಣೂ ರಂಟೆಗೆ ಮೆತ್ತಿಕೊಳ್ಳುತ್ತಿತ್ತಂತೆ. ಮಣ್ಣು ಅಂಟದ ಉಕ್ಕಿನ ನೇಗಿಲನ್ನು 1837ರಲ್ಲಿ ಮಾಡಿದ ಜಾನ್ ಡೀರ್ ಎಂಬ ಕಮ್ಮಾರ 1848ರಲ್ಲಿ ಮೊಲೀನ್‌ಗೆ ಬಂದು ಕಾರ್ಖಾನೆ ಹಾಕಿದ. ಮುಂದೆ ಇಲ್ಲಿಯ ಕಾರ್ಖಾನೆಗಳ ಕೂಲಿಗೆಂದು ಬೆಲ್ಜಿಯಂನ ಫ್ಲ್ಯಾಂಡರ್ಸ್ ಸೀಮೆಯವರು ಹಡಗು ಹತ್ತಿ ಬಂದರು. ಎಷ್ಟು ಜನ ಬಂದರೆಂದರೆ, 1907ರಿಂದ 1940ರವರೆಗೆ ‘ಗಜೆಟ್ ವಾನ್ ಮೊಲೀನ್’ ಎಂದು ಅವರ ಭಾಷೆಯದೇ ಪತ್ರಿಕೆಯೊಂದು ಈ ಊರಿನಿಂದ ಹೊರಡುತ್ತಿತ್ತು. ಈಗಿನ ಮೊಮ್ಮಕ್ಕಳಿಗೆ ಆ ಭಾಷೆ ಅಷ್ಟಾಗಿ ಬಾರದಿದ್ದರೂ ರೋಲಿ ಬೋಲಿ ಆಟ ಬರುತ್ತದೆ. ಅಂಚನ್ನು ಓರೆಯಾಗಿ ಕಡೆದ ಗಾಲಿಯಂಥದನ್ನು ನೆಲದ ಮೇಲೆ ಉರುಳಿಸಬೇಕು; ಅದು ಬಾಗಿಕೊಂಡು ಹೋಗಿ ಗೂಟದ ಹತ್ತಿರ ಬೀಳಬೇಕು. ನಾನು ಉರುಳಿಸಿದ್ದು ಗೂಟ ಬಿಟ್ಟು ನೋಡುತ್ತ ನಿಂತವರ ಕಾಲಿಗೆ ಹೋಯಿತು. ಅವರ ವಾಫಲ್ ತಿಂಡಿ ಚೌಕಳಿ ಅಚ್ಚಿನ ದಪ್ಪ ದೋಸೆಯಂತಿರುತ್ತದೆ. ಅದಕ್ಕೆ ತತ್ತಿ ಹಾಕಿರುತ್ತಾರೆಂಬ ಸಂಗತಿಯನ್ನು ಮಾತ್ರ ಅವ್ವನಿಗೆ ಓದಬೇಡಿರಿ.

ಅಲ್ಲಿ ಎಂಬತ್ನಾಲ್ಕರ ಅಜ್ಜಿಯೊಬ್ಬರು ಲೇಸು, ಅಂದರೆ ದಾರದ ಜಾಲರಿ, ಹೆಣೆಯುತ್ತಿದ್ದರು. ಗಟ್ಟಿ ದಿಂಬಿನ ಮೇಲೆ ಗುಂಡುಸೂಜಿಗಳ ಸಾಲು. ದಾರ ಸುತ್ತಿದ ಕಟ್ಟಿಗೆಯ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಅಡ್ಡ ಹಾಯಿಸಿ ತಿರುಚುವಾಗ ಟಕಟಕ ಸಪ್ಪಳ. ಅವ್ವ ಕಸೂತಿ ಹಾಕಿಕೊಟ್ಟ ಕರವಸ್ತ್ರವನ್ನು ತೋರಿಸಿದೆ. ಅವರು ಮೊದಲು ಮಾಡಿದ್ದೇ ಅದನ್ನು ಹಿಂದುಮುಂದು ತಿರುವಿ ಗಂಟು ಹುಡುಕಿದ್ದು. ಒಂದೂ ಸಿಗಲಿಲ್ಲ. ‘ಹಾಕಿದವರ ವಯಸ್ಸೆಷ್ಟು, ಕಣ್ಣು ಹೇಗಿವೆ’ ಎಂದು ಕೇಳಿದರು. ನಾನು ಇದ್ದದ್ದನ್ನು ಹೇಳಿದೆ. ಅವರಿಗೂ ಹೀಗೇ ಆಗಿತ್ತಂತೆ. ಪೊರೆ ತೆಗೆಸಿಕೊಂಡು ಬಂದು ನೋಡಿದರೆ, ಬಿಳಿಯೆಂದು ತಿಳಿದು ಒಂದು ವರ್ಷ ಹೆಣೆದಿದ್ದ ದಾರದಲ್ಲಿ ಅರ್ಧ ಹಳದಿಯಾಗಿತ್ತಂತೆ! ಮದುವೆಯ ಸೀರೆಯಲ್ಲಿ ಹಸಿರಿದ್ದಲ್ಲಿ ನೀಲಿ ಬಿದ್ದರೆ ಬೀಗರು ಏನಂದಾರು ಎಂದು ಅವ್ವನನ್ನೇ ಕೇಳಿರಿ.

ಒಂದು ಕಣ್ಣಾದರೂ ಈ ತಿಂಗಳೇ ಆಗಲಿ. ನಲವತ್ತು ಸಾವಿರ ನಿಮ್ಮ ಖಾತೆಗೆ ಹಾಕಿದ್ದೇನೆ. ಅದನ್ನು ಬೀಜ, ಗೊಬ್ಬರಕ್ಕೆ ತಿರುಗಿಸಬೇಡಿರಿ. ನನ್ನ ಚಿಂತೆ ಎಳ್ಳಷ್ಟೂ ಬೇಡ: ಕೆಲಸ ಗಟ್ಟಿಯಾಗಿದೆ, ಚಳಿಗೆ ಎರಡು ಕೋಟುಗಳಿವೆ, ರೊಟ್ಟಿ ನಾನೇ ಬಡಿಯುತ್ತೇನೆ, ಕೆಮ್ಮು ಪೂರ್ತಿ ಹೋಗಿದೆ, ಅದು ಕೆಮ್ಮೇ ಆಗಿರಲಿಲ್ಲ. ಟಪಾಲಿನವನು ಬರುವ ಹೊತ್ತಾಯಿತು. ಆಪರೇಶನ್ ದಿನ ಗೊತ್ತಾದ ಕೂಡಲೇ ಶಾಂತಕ್ಕನಿಂದ ಫೋನು ಮಾಡಿಸಿರಿ.

ನಿಮ್ಮ ಮಗ,
ಬಸವರಾಜ