ಒಂದು ಬೋಲ್ಟ್ ಬಿಗಿ ಮಾಡದೆ, ಇಂಜಿನ್ನೇ ಬದಲಿಸಿ ಅಂದಿರಿ

ಸರ್ವಿಸ್ ಮ್ಯಾನೇಜರ್ ಅವರಿಗೆ,
ದಾವಣಗೆರೆ

ವಿಷಯ: ಇಂಜಿನ್ ಸದ್ದನ್ನು ಪರೀಕ್ಷಿಸದೆ ಹಾಫ್ ಇಂಜಿನ್ (ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಇರುವ ಇಂಜಿನ್ನಿನ ಕೆಳಭಾಗ) ಬದಲಿಸಲು ಹೇಳಿದ್ದರ ಬಗ್ಗೆ ದೂರು

ಮಾನ್ಯರೇ,

ಹನ್ನೊಂದು ಸಲ ಫೋನ್ ಮಾಡಿದೆ. ಮ್ಯಾನೇಜರ್ ವಾಪಸ್ ಮಾಡುತ್ತಾರೆ ಅಂದರು. ಯಾರೂ ಮಾಡಲಿಲ್ಲ. ಹಾಗಾಗಿ ಈ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

2025ರ ಮಾರ್ಚ್ 8ರಂದು ನಿಮ್ಮಲ್ಲೇ ಕಾರಿನ ಇಂಜಿನ್ನಿನ ಮುಂದಿನ ಆಯಿಲ್ ಸೀಲ್ (ಆಯಿಲ್ ಸೋರದಂತೆ ತಡೆಯುವ ರಿಂಗ್) ಬದಲಿಸಿದಿರಿ. ಬಿಲ್ 2,140 ರೂಪಾಯಿ. ಏಪ್ರಿಲ್ 2ರಂದು ಹರಿಹರದಿಂದ ಬರುವಾಗ ಇಂಜಿನ್ ಟಕ್ ಟಕ್ ಅನ್ನತೊಡಗಿತು. ಮಾರನೇ ದಿನವೇ ಕಾರು ತಂದು ನಿಮಗೆ ಒಪ್ಪಿಸಿದೆ.

ಏಪ್ರಿಲ್ 5, ಶನಿವಾರ ನಡೆದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಬೆಳಿಗ್ಗೆ ಹತ್ತೂಕಾಲಕ್ಕೆ ಬಂದೆ, ಜೊತೆಗೆ ಮಗಳಿದ್ದಳು. ಕರೆದದ್ದು ಹನ್ನೆರಡೂವರೆಗೆ. ನಿಮ್ಮ ಸರ್ವಿಸ್ ಅಡ್ವೈಸರ್ ಎಸ್ಟಿಮೇಟ್ ಹಾಳೆಯನ್ನು ಟೇಬಲ್ ಮೇಲೆ ನನ್ನ ಕಡೆ ತಳ್ಳಿದರು. 1,46,500 ರೂಪಾಯಿ. 'ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದೆ, ಹಾಫ್ ಇಂಜಿನ್ ಹಾಕಬೇಕು' ಅಂದರು.

'ಇಂಜಿನ್ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ ಬೇರಿಂಗ್ ನೋಡಿದಿರಾ?' ಅಂತ ಕೇಳಿದೆ. 'ಸದ್ದಿನಲ್ಲೇ ಗೊತ್ತಾಗುತ್ತೆ ಮೇಡಂ.' 'ಆಯಿಲ್ ಪ್ರೆಶರ್ ಗೇಜ್ ಹಾಕಿದಿರಾ?' ಅವರು ಪಕ್ಕದ ಹುಡುಗನ ಮುಖ ನೋಡಿ ನಕ್ಕರು. ಆಮೇಲೆ ಕೌಂಟರಿನಲ್ಲಿದ್ದ ಏಳೆಂಟು ಜನಕ್ಕೂ ಕೇಳುವ ಹಾಗೆ ಹೇಳಿದರು: 'ಮೇಡಂ, ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಿ. ಅವರಿಗೆ ಹೇಳಿದ್ರೆ ಅರ್ಥ ಆಗುತ್ತೆ.'

ಕಾರು ನನ್ನ ಹೆಸರಿನಲ್ಲಿದೆ. ಕಂತು ಕಟ್ಟಿದ್ದು ನನ್ನ ಸಂಬಳದಲ್ಲಿ. ಎಂಟು ವರ್ಷದಿಂದ ದಿನಾ ಓಡಿಸುತ್ತಿರುವುದೂ ನಾನೇ. ಆದರೆ ಆ ಹೊತ್ತಿಗೆ ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ. 'ಅಮ್ಮಾ, ಹೋಗೋಣ' ಅಂತ ಮಗಳು ಕೈ ಹಿಡಿದು ಎಳೆದಳು. ಪರೀಕ್ಷೆಯ ಶುಲ್ಕ ಅಂತ 1,770 ರೂಪಾಯಿ ಕಟ್ಟಿಸಿಕೊಂಡೇ ಕೀ ಕೊಟ್ಟಿರಿ. ಏನು ಪರೀಕ್ಷೆ ಮಾಡಿದಿರಿ ಅಂತ ಜಾಬ್ ಕಾರ್ಡಿನಲ್ಲಿ ಒಂದು ಸಾಲೂ ಇಲ್ಲ.

ಎರಡು ರಾತ್ರಿ ನಿದ್ದೆ ಇಲ್ಲ. ಬಳೆ ಅಡ ಇಡುವುದೋ, ಕಾರನ್ನೇ ಬಂದಷ್ಟಕ್ಕೆ ಮಾರುವುದೋ ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ.

ಸೋಮವಾರ ಕಾರನ್ನು ಟೋ ಮಾಡಿಸಿ ನಮ್ಮ ಬೀದಿಯ ಗ್ಯಾರೇಜಿಗೆ ಒಯ್ದೆ. ಆ ಮೆಕ್ಯಾನಿಕ್ ಮೊದಲು ಆಯಿಲ್ ಪ್ರೆಶರ್ ನೋಡಿದರು, ಸರಿಯಾಗಿತ್ತು. ಆಮೇಲೆ ಒಂದೊಂದೇ ಸಿಲಿಂಡರಿಗೆ ಕಿಡಿ ಕೊಡುವ ಕಾಯಿಲಿನ ಕನೆಕ್ಟರ್ ತೆಗೆದು ಇಂಜಿನ್ ಓಡಿಸಿದರು. 'ಬೇರಿಂಗ್ ಹೋಗಿದ್ರೆ ಆ ಸಿಲಿಂಡರ್ ಬಂದ್ ಮಾಡಿದಾಗ ಸದ್ದು ಕಮ್ಮಿ ಆಗ್ಬೇಕು ಅಕ್ಕಾ' ಅಂದರು. ನಾಲ್ಕರಲ್ಲೂ ಸದ್ದು ಬದಲಾಗಲಿಲ್ಲ. ಆಯಿಲ್ ಇಳಿಸಿ ಬಟ್ಟೆಯಲ್ಲಿ ಸೋಸಿದರು. ಬೇರಿಂಗ್ ಹೋಗಿದ್ದರೆ ಸಿಗಬೇಕಿದ್ದ ಲೋಹದ ಚೂರು ಇರಲಿಲ್ಲ. ಕೊನೆಗೆ ಬಲಗಡೆಯ ಮುಂದಿನ ಚಕ್ರ ಬಿಚ್ಚಿ ಟಾರ್ಚ್ ಹಿಡಿದರು. ಕ್ರ್ಯಾಂಕ್ ಪುಲ್ಲಿ, ಅಂದರೆ ಇಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಬೆಲ್ಟ್ ತಿರುಗಿಸುವ ಚಕ್ರ, ಅಲ್ಲಾಡುತ್ತಿತ್ತು. ಬೋಲ್ಟ್ ಸಡಿಲ, ಪುಲ್ಲಿ ಜಾರದಂತೆ ಶಾಫ್ಟಿಗೆ ಕೂರಿಸುವ 'ಕೀ' ಅನ್ನುವ ಸಣ್ಣ ಲೋಹದ ತುಂಡು ಸವೆದಿತ್ತು.

ಆ ಪುಲ್ಲಿ ಬಿಚ್ಚದೆ ಮುಂದಿನ ಆಯಿಲ್ ಸೀಲ್ ಹಾಕಲು ಆಗುವುದಿಲ್ಲ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ಅಳತೆಗೆ ಬಿಗಿ ಮಾಡಬೇಕು ಅನ್ನುವುದೂ ಗೊತ್ತು. ನೀವು ಮಾಡಲಿಲ್ಲ. ಹೊಸ ಪುಲ್ಲಿ, ಕೀ, ಬೋಲ್ಟ್, ಕೂಲಿ ಎಲ್ಲ ಸೇರಿ 5,200 ರೂಪಾಯಿ ಆಯಿತು. ಸದ್ದು ನಿಂತಿತು. ಇನ್ನೂ ನಾಲ್ಕು ದಿನ ಓಡಿಸಿದ್ದರೆ ಕ್ರ್ಯಾಂಕಿನ ತುದಿಯೇ ಹಾಳಾಗಿ, ನಿಜವಾಗಿಯೂ ಇಂಜಿನ್ನಿಗೆ ಕೈ ಹಾಕಬೇಕಾಗುತ್ತಿತ್ತು.

ನನಗೆ ಜಾಸ್ತಿ ಸಿಟ್ಟು ತರಿಸುವುದು ಇದು. ನಿಮ್ಮ ಮಾತು ಕೇಳಿ ಹಾಫ್ ಇಂಜಿನ್ ಹಾಕಿಸಿದ್ದರೆ ಪುಲ್ಲಿಯನ್ನು ಹೊಸದಾಗಿ ಬಿಗಿ ಮಾಡುತ್ತಿದ್ದಿರಿ. ಸದ್ದು ನಿಲ್ಲುತ್ತಿತ್ತು. ಇಂಜಿನ್ನೇ ಹೋಗಿತ್ತು ಅಂತ ನಂಬಿಕೊಂಡು ನಾನು ನಿಮಗೆ ಥ್ಯಾಂಕ್ಸ್ ಹೇಳಿ ಬರುತ್ತಿದ್ದೆ. ನಿಮ್ಮ ತಪ್ಪು ನನ್ನ ಚೆನ್ನಾಗಿದ್ದ ಇಂಜಿನ್ ಜೊತೆಗೇ ಗುಜರಿಗೆ ಹೋಗಿರುತ್ತಿತ್ತು. ಹಾಫ್ ಇಂಜಿನ್ ಹಾಕಿ ಬ್ಲಾಕ್ ಬದಲಾದರೆ ಇಂಜಿನ್ ನಂಬರ್ ಬದಲಾಗುತ್ತದೆ, ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ಅದನ್ನೂ ನೀವು ಹೇಳಿರಲಿಲ್ಲ.

ಪರೀಕ್ಷೆಯ ಶುಲ್ಕ ಮತ್ತು ರಿಪೇರಿ ಸೇರಿ 6,970 ರೂಪಾಯಿ ವಾಪಸ್ ಬೇಕು. ಆ ಅಡ್ವೈಸರ್ ನನ್ನ ಮಗಳ ಎದುರಿಗೇ ಕ್ಷಮೆ ಕೇಳಬೇಕು. ಹದಿನೈದು ದಿನ ಕಾಯುತ್ತೇನೆ.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಐದು ಲಕ್ಷದೊಳಗಿನ ದೂರಿಗೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಿಲ್ಲ, ಎರಡು ವರ್ಷದ ಕಾಲಾವಕಾಶ ಇದೆ. ಇದನ್ನು ತಿಳಿಯಲು ಮನೆಯ ಗಂಡಸರನ್ನು ಕೇಳಬೇಕಾಗಲಿಲ್ಲ.

ಸವೆದ ಕೀ, ಹಳೆ ಪುಲ್ಲಿ, ಅದು ಅಲ್ಲಾಡುವ ವಿಡಿಯೋ, ನಿಮ್ಮ ಎರಡೂ ಬಿಲ್, ಆ ಎಸ್ಟಿಮೇಟ್ ಹಾಳೆ, ಎಲ್ಲ ನನ್ನ ಬೀರುವಿನಲ್ಲಿವೆ. ದುಡ್ಡು ಕೊಟ್ಟು ಕ್ಷಮೆ ಕೇಳದೆ ಹೋದರೆ, ಆಯೋಗದಲ್ಲಿ ಎಷ್ಟು ದುಡ್ಡು ತೋರಿಸಿದರೂ ನಾನು ರಾಜಿಗೆ ಬರುವವಳಲ್ಲ.

ಇಂತಿ,
ಕಾರಿನ ಮಾಲೀಕಳು