ಪ್ಲಾನ್ ಕೈಬಿಡುವ ಹೊತ್ತನ್ನೂ ಮೊದಲೇ ಬರೆದಿಡು

ಪ್ರೀತಿಯ ಪುಟ್ಟಿ,

ನಿನ್ನ ಉದ್ದನೆಯ ಮೆಸೇಜು ಓದಿದೆ. ‘ಎಲ್ಲಾ ಹಾಳಾಯ್ತು ಅತ್ತೆ, ಇನ್ಮೇಲೆ ಈ ಮನೆಯಲ್ಲಿ ಯಾವ ಪ್ರವಾಸಕ್ಕೂ, ಯಾರ ಸಂಭ್ರಮಕ್ಕೂ ನಾನು ಮುಂದೆ ನಿಲ್ಲಲ್ಲ’ ಅಂತ ಬರೆದಿದ್ದೀಯ. ಫೋನು ಮಾಡಿದರೆ ನೀನು ಅಳುತ್ತೀಯ, ನಾನು ಸಮಾಧಾನ ಮಾಡುತ್ತಾ ಕೂರುತ್ತೇನೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮಕ್ಕಳು ಮಲಗಿದ ಮೇಲೆ ಪುರುಸೊತ್ತಿನಲ್ಲಿ ಓದು.

ಅಪ್ಪ-ಅಮ್ಮನ ಮದುವೆಯ ನಲವತ್ತನೇ ವರ್ಷವನ್ನು ಬೇಸಿಗೆ ರಜೆಯಲ್ಲಿ ಎಲ್ಲರೂ ಸೇರಿ ಆಚರಿಸಬೇಕು ಅಂತ ಆಸೆಪಟ್ಟವಳು ನೀನು. ಮೂರು ಸಂಸಾರಗಳ ರಜೆ ಹೊಂದಿಸಿದೆ. ಟಿಕೆಟ್ ಮಾಡಿಸಿದೆ, ರೂಮು ಹುಡುಕಿದೆ. ಯಾರಿಗೆ ಮಂಡಿನೋವು, ಯಾರಿಗೆ ಮೆಟ್ಟಿಲು ಆಗುವುದಿಲ್ಲ, ಯಾವ ಮಗು ಎಷ್ಟು ಹೊತ್ತಿಗೆ ಮಲಗುತ್ತದೆ ಅಂತ ಎಲ್ಲಾ ಬರೆದಿಟ್ಟುಕೊಂಡೆ. ಇದು ಸಣ್ಣ ಕೆಲಸ ಅಲ್ಲ. ಆ ಪ್ರೀತಿ ಯಾರ ಕಣ್ಣಿಗೂ ಬೀಳಲಿಲ್ಲ ಅಂದುಕೊಳ್ಳಬೇಡ. ನನಗೆ ಚೆನ್ನಾಗಿ ಕಂಡಿದೆ.

ಈಗ ನೀನು ಕಳಿಸಿದ ಪಟ್ಟಿಗೆ ಬರೋಣ. ವಿಮಾನ ತಡವಾಯಿತು, ಬ್ಯಾಗ್ ಬರಲಿಲ್ಲ, ತಿರುವಿನ ದಾರಿಯಲ್ಲಿ ಮಗು ವಾಂತಿ ಮಾಡಿತು, ಸಂಜೆ ಮಳೆ ಸುರಿಯಿತು, ಕರೆಂಟ್ ಹೋಯಿತು, ಅಣ್ಣನ ಜೊತೆ ಜಗಳ ಆಯಿತು. ನೀನು ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದಿದ್ದೀಯ. ಆದರೆ ಕೊನೆಯದು ಮಿಕ್ಕವುಗಳ ಜೊತೆ ಸೇರುವುದಿಲ್ಲ. ಮಳೆ, ವಿಮಾನ ಯಾರ ಕೈಯಲ್ಲೂ ಇರಲಿಲ್ಲ. ಮಳೆ ಬಂದ ಮೇಲೂ ಹುಲ್ಲುಹಾಸಿನ ಮೇಲೇ ಕಾರ್ಯಕ್ರಮ ಆಗಬೇಕು, ಇನ್ನೊಂದು ಸ್ವಲ್ಪ ಹೊತ್ತು ಕಾಯೋಣ ಅಂತ ಪಟ್ಟು ಹಿಡಿದದ್ದು ಮಾತ್ರ ನೀನು. ಅಣ್ಣ ರೇಗಿದ್ದು ಅಲ್ಲಿಂದ. ನೇರವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಅತ್ತಿಗೆ ನನಗೊಂದು ವಿಡಿಯೋ ಕಳಿಸಿದ್ದಾಳೆ. ನೀನು ನೋಡಿದ್ದೀಯೋ ಇಲ್ಲವೋ. ಕರೆಂಟ್ ಹೋಗಿ ಎಲ್ಲರೂ ಒಳಗಿನ ಕೋಣೆಯಲ್ಲಿ ಕೂತಿದ್ದಾರೆ. ಮೂರ್ನಾಲ್ಕು ಮೊಬೈಲ್ ಟಾರ್ಚ್‌ಗಳ ಬೆಳಕು. ನಿಮ್ಮಪ್ಪ ಜೇಬಿನಿಂದ ಒಂದು ಚೀಟಿ ತೆಗೆದು, ಕನ್ನಡಕವನ್ನು ಹಣೆಗೇರಿಸಿ, ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಿದ್ದಾನೆ. ನಿಮ್ಮಮ್ಮನಿಗೆ ಅಂತ ಬರೆದ ನಾಲ್ಕು ಸಾಲು. ಚಿಕ್ಕಂದಿನಿಂದಲೂ ನಾಲ್ಕು ಜನರ ಮುಂದೆ ಬಾಯಿ ಬಿಟ್ಟವನಲ್ಲ ನನ್ನ ತಮ್ಮ. ಓದುವಾಗ ಕೈ ನಡುಗುತ್ತಿದೆ. ನಿಮ್ಮಮ್ಮ ಅವನ ಮೊಣಕೈ ಹಿಡಿದುಕೊಂಡಿದ್ದಾಳೆ. ಮೊಮ್ಮಕ್ಕಳು ಕೂಡ ಗಲಾಟೆ ನಿಲ್ಲಿಸಿ ಬಾಯಿ ಬಿಟ್ಟು ನೋಡುತ್ತಿವೆ. ಆ ವಿಡಿಯೋದಲ್ಲಿ ನೀನು ಎಲ್ಲೂ ಇಲ್ಲ. ನಿನ್ನ ದನಿ ಮಾತ್ರ ಕೇಳುತ್ತದೆ, ಬಾಗಿಲಾಚೆಯಿಂದ. ಜನರೇಟರ್ ಯಾಕೆ ಹಾಕಿಲ್ಲ, ಅಲಂಕಾರಕ್ಕೆ ಕೊಟ್ಟ ದುಡ್ಡು ವಾಪಸ್ ಕೊಡಿ ಅಂತ ಯಾರ ಜೊತೆಗೋ ವಾದ ಮಾಡುತ್ತಿದ್ದೀಯ.

ಅದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಯಾವುದಕ್ಕಾಗಿ ಅಷ್ಟು ತಿಂಗಳು ಓಡಾಡಿದೆಯೋ ಅದು ಪಕ್ಕದ ಕೋಣೆಯಲ್ಲಿ ನಡೆಯುತ್ತಿತ್ತು, ಪುಟ್ಟಿ. ನೀನು ಹೊರಗಿದ್ದೆ.

ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವಾಗ ಹುಡುಗರಿಗೆ ತಪ್ಪದೆ ಹೇಳುತ್ತಿದ್ದ ಒಂದು ಪ್ರಯೋಗವಿದೆ. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಅನ್ನುವವರು 1985ರಲ್ಲಿ ಪ್ರಕಟಿಸಿದ್ದು. ಅವರು ಜನರ ಮುಂದೆ ಒಂದು ಲೆಕ್ಕ ಇಟ್ಟರು. ನೀವು ಒಂದು ಸ್ಕೀಯಿಂಗ್ ಪ್ರವಾಸಕ್ಕೆ 100 ಡಾಲರ್ ಕೊಟ್ಟಿದ್ದೀರಿ, ಇನ್ನೊಂದಕ್ಕೆ 50 ಡಾಲರ್. ಜಾಸ್ತಿ ಖುಷಿ ಸಿಗುವುದು 50ರದ್ದರಲ್ಲೇ. ಆಮೇಲೆ ನೋಡಿದರೆ ಎರಡೂ ಒಂದೇ ವಾರಾಂತ್ಯಕ್ಕೆ ಬಿದ್ದಿವೆ, ದುಡ್ಡು ವಾಪಸ್ ಬರುವುದಿಲ್ಲ. ಯಾವುದಕ್ಕೆ ಹೋಗುತ್ತೀರಿ? ಅರ್ಧಕ್ಕಿಂತ ಜಾಸ್ತಿ ಜನ 100 ಡಾಲರಿನದ್ದಕ್ಕೇ ಹೋಗುತ್ತೇವೆ ಅಂದರು. ಖುಷಿ ಕಡಿಮೆ ಅಂತ ಗೊತ್ತಿದ್ದೂ. ಕೊಟ್ಟ ದುಡ್ಡು ಹೇಗೂ ಹೋಗಿದೆ, ಆದರೂ ಅದೇ ಕೈಹಿಡಿದು ಎಳೆಯುತ್ತದೆ. ನಿನ್ನನ್ನು ಎಳೆದದ್ದು ದುಡ್ಡಿಗಿಂತ ಜಾಸ್ತಿಯಾಗಿ ನೀನು ಪಟ್ಟ ಶ್ರಮ. ಎಷ್ಟೋ ರಾತ್ರಿ ಕೂತು ಹೆಣೆದ ಪ್ಲಾನು, ಅದು ಹೇಗೆ ನೀರು ಪಾಲಾಗಲು ಬಿಡಲಿ ಅಂತ. ಅರ್ಥವಾಗುತ್ತದೆ. ಆದರೆ ಅದನ್ನು ಉಳಿಸಲು ಹೋಗಿ ಅವತ್ತಿನ ಸಂಜೆಯನ್ನೂ ಕಳೆದುಕೊಂಡೆ.

ವಿಮಾನ ಅಪಘಾತಗಳ ತನಿಖೆ ಮಾಡುವವರು ಈ ಸ್ವಭಾವಕ್ಕೆ ಪ್ಲಾನ್ ಕಂಟಿನ್ಯುಯೇಷನ್ ಬಯಾಸ್ ಅನ್ನುತ್ತಾರೆ. ಮುಂದೆ ಹವಾಮಾನ ಕೆಟ್ಟಿರುವುದು ಕಣ್ಣಿಗೆ ಕಾಣುತ್ತಿರುತ್ತದೆ, ಆದರೂ ಇಷ್ಟು ದೂರ ಬಂದಾಯಿತಲ್ಲ ಅಂತ ಪೈಲಟ್ ಮುಂದೆ ಹೋಗಿಬಿಡುತ್ತಾನೆ. ಗುರಿ ಹತ್ತಿರವಾದಷ್ಟೂ ಮನಸ್ಸು ಬದಲಾಯಿಸುವುದು ಕಷ್ಟವಾಗುತ್ತಾ ಹೋಗುತ್ತದೆ. ಅದಕ್ಕೆ ಅವರು ಕಂಡುಕೊಂಡ ದಾರಿ ನನಗೆ ತುಂಬಾ ಹಿಡಿಸಿದೆ. ಮೋಡ, ಮಂಜಿನಲ್ಲಿ ಉಪಕರಣ ನಂಬಿ ಇಳಿಯುವಾಗ ಒಂದು ಎತ್ತರವನ್ನು ಮೊದಲೇ ಗೊತ್ತು ಮಾಡಿರುತ್ತಾರೆ. ಸಾಮಾನ್ಯವಾಗಿ 200 ಅಡಿ. ಅಲ್ಲಿಗೆ ಬರುವಷ್ಟರಲ್ಲಿ ರನ್‌ವೇ ಅಥವಾ ಅದರ ದೀಪಗಳು ಕಾಣಲಿಲ್ಲವೋ, ಮಾತಿಲ್ಲ, ಮತ್ತೆ ಮೇಲಕ್ಕೆ ಹೋಗಬೇಕು. ಆ ಕ್ಷಣದಲ್ಲಿ ಕೂತು ಯೋಚಿಸುವ ಹಾಗೇ ಇಲ್ಲ. ಯೋಚನೆಯೆಲ್ಲಾ ನೆಲದ ಮೇಲೆ, ತಲೆ ತಣ್ಣಗಿದ್ದಾಗಲೇ ಮುಗಿದಿರುತ್ತದೆ.

ನಿನಗೆ ಹೇಳಬೇಕು ಅಂತಿದ್ದದ್ದು ಇದನ್ನೇ. ಪ್ಲಾನ್ ಮಾಡುವುದರಲ್ಲಿ ನಿನ್ನನ್ನು ಮೀರಿಸುವವರು ನಮ್ಮಲ್ಲಿ ಇಲ್ಲ. ಆದರೆ ಯಾವಾಗ ಕೈಬಿಡಬೇಕು ಅನ್ನುವುದು ನಿನ್ನ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ‘ಮೂರು ಗಂಟೆಗೆ ಗುಡುಗು ಕೇಳಿದರೆ ಒಳಗೆ’ ಅಂತ ಒಂದು ಸಾಲು ಇದ್ದಿದ್ದರೆ ಸಾಕಾಗಿತ್ತು. ಅದನ್ನು ಹೊರಡುವ ಮುಂಚೆಯೇ ಅಣ್ಣನಿಗೂ ಅತ್ತಿಗೆಗೂ ಹೇಳಿದ್ದಿದ್ದರೆ, ಅವತ್ತು ಯಾರೂ ಯಾರಿಗೂ ಸೋಲಬೇಕಾಗಿರಲಿಲ್ಲ. ಮೊದಲೇ ಒಪ್ಪಿದ ಮಾತು ಅಂತ ಕುರ್ಚಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದಿರಿ. ಮಳೆಯ ಮಧ್ಯೆ ನಿಂತು ‘ಒಳಗೆ ಹೋಗೋಣ’ ಅಂತ ಅಣ್ಣ ಹೇಳಿದರೆ ಅದು ನಿನ್ನ ಕೆಲಸದ ಮೇಲೆ ಟೀಕೆಯಂತೆ ಕೇಳುತ್ತದೆ. ಅದೇ ಮಾತು ಹಾಳೆಯಲ್ಲಿದ್ದರೆ ಹಾಗೆ ಕೇಳುವುದಿಲ್ಲ.

ಗುಡುಗಿನ ವಿಷಯ ಅಂತೂ ಹಟಕ್ಕೆ ಬಿಡುವಂಥದ್ದೇ ಅಲ್ಲ. ಬೇಸಿಗೆಯಲ್ಲಿ ಬೆಳಗಿನಿಂದ ನೆಲ ಕಾದು, ಬಿಸಿ ಗಾಳಿ ಮೇಲೇರಿ ಮೋಡ ಕಟ್ಟುವುದರಿಂದ ಗುಡುಗು-ಮಳೆ ಮಧ್ಯಾಹ್ನದ ಮೇಲೆಯೇ ಜಾಸ್ತಿ. ಬಯಲಿನ ಕಾರ್ಯಕ್ರಮ ಇದ್ದರೆ ಬೆಳಗ್ಗೆಯೇ ಇಟ್ಟುಕೋ. ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲು ಹೊಡೆಯುವಷ್ಟು ಹತ್ತಿರದಲ್ಲಿದ್ದೀರಿ ಅಂತಲೇ ಅರ್ಥ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು. ನೀವು ಮಧ್ಯೆ ಮಧ್ಯೆ ಹೊರಗೆ ಹೋಗಿ ದೀಪದ ಸರ ಸರಿಮಾಡುತ್ತಿದ್ದಿರಂತೆ. ಕೇಳಿ ಎದೆ ಝಲ್ಲೆಂದಿತು.

ಇನ್ನು ಹೊತ್ತಿನ ಲೆಕ್ಕ. ನಿನ್ನ ಹಾಳೆಯಲ್ಲಿ ವಿಮಾನ ಇಳಿದ ಅರ್ಧ ಗಂಟೆಗೆ ಕಾರು, ಕಾರು ಇಳಿದ ಒಂದು ಗಂಟೆಗೆ ಫೋಟೋ ಅಂತಿತ್ತು. ಎಲ್ಲವೂ ಸರಿಯಾಗಿ ನಡೆದರೆ ಮಾತ್ರ ಕೂಡುವ ಲೆಕ್ಕ ಅದು. ಇದು ನಿನ್ನೊಬ್ಬಳ ದೋಷ ಅಲ್ಲ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಜೊತೆಯವರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ 34 ದಿನ ಅಂದರು. ಏನೆಲ್ಲಾ ಕೆಡಬಹುದೋ ಎಲ್ಲವೂ ಕೆಟ್ಟರೆ? ಸುಮಾರು 49 ದಿನ ಅಂದರು. ನಿಜವಾಗಿ ಹಿಡಿದದ್ದು 55 ದಿನಕ್ಕೂ ಜಾಸ್ತಿ. ಕೆಟ್ಟದ್ದನ್ನು ಊಹಿಸಿ ಅಂದಾಗಲೂ ಮನುಷ್ಯರು ಕಡಿಮೆಯೇ ಊಹಿಸುತ್ತಾರೆ. ಹಾಗಾಗಿ ಮನಸ್ಸಿಗೆ ತೋಚಿದ ಹೊತ್ತನ್ನು ನಂಬಬೇಡ. ಹೋದ ಸಲ ಇಷ್ಟೇ ಜನ, ಇಷ್ಟೇ ಸಾಮಾನು ಇಟ್ಟುಕೊಂಡು ಹೊರಟಾಗ ಎಷ್ಟು ಹೊತ್ತು ಹಿಡಿಯಿತು ಅಂತ ನೆನಪು ಮಾಡಿಕೊಂಡು ಅದನ್ನೇ ಬರಿ. ತಲುಪಿದ ದಿನ ಯಾವ ಕಾರ್ಯಕ್ರಮವೂ ಬೇಡ. ಮುಖ್ಯವಾದದ್ದರ ಹಿಂದಿನ ದಿನವನ್ನು ಸುಮ್ನೆ ಖಾಲಿ ಬಿಡು. ವಿಮಾನ ತಡವಾದರೆ ಆ ಖಾಲಿ ದಿನ ಅದನ್ನು ನುಂಗಿಕೊಳ್ಳುತ್ತದೆ. ತಡವಾಗದಿದ್ದರೆ ಎಲ್ಲರೂ ನಿದ್ದೆ ಮಾಡುತ್ತಾರೆ, ಅದೇನು ಕಡಿಮೆ ಸುಖವಾ?

ಮಗುವಿನ ವಾಂತಿಯೂ ಇದೇ ಅವಸರದ ಮಗ್ಗುಲು. 2ರಿಂದ 12 ವರ್ಷದ ಮಕ್ಕಳಿಗೆ ದಾರಿಯಲ್ಲಿ ಹೊಟ್ಟೆ ತೊಳಸುವುದು ಜಾಸ್ತಿ. ಒಳಕಿವಿ ಅಲುಗಾಟವನ್ನು ಹೇಳುತ್ತಿರುತ್ತದೆ, ಮೊಬೈಲಿಗೆ ಅಂಟಿದ ಕಣ್ಣು ಏನೂ ಅಲುಗುತ್ತಿಲ್ಲ ಅನ್ನುತ್ತಿರುತ್ತದೆ. ಈ ಎರಡು ಸುದ್ದಿ ತಾಳೆಯಾಗದೆ ಆಗುವ ತೊಂದರೆ ಅದು. ಮೊಬೈಲ್ ತೆಗೆದಿಟ್ಟು, ಕಿಟಕಿ ಇಳಿಸಿ, ದೂರಕ್ಕೆ ನೋಡು ಅನ್ನಬೇಕು. ಮುಖ ಬಿಳಿಚಿಕೊಂಡ ಕೂಡಲೇ ಗಾಡಿ ನಿಲ್ಲಿಸಬೇಕು. ‘ಆಗಲೇ ತಡವಾಗಿದೆ, ಇನ್ನೇನು ಬಂದೇಬಿಟ್ಟಿತು’ ಅಂತ ನಿಲ್ಲಿಸಲಿಲ್ಲ ಅಂತ ನೀನೇ ಬರೆದಿದ್ದೀಯ. ಹಾಗೇ ನಿಮ್ಮಮ್ಮನಿಗೆ ಎರಡನೇ ದಿನ ತಲೆ ಸುತ್ತಿದ್ದು. ವಯಸ್ಸಾದ ಮೇಲೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ಇದನ್ನು ನನ್ನ ಮೈಯೇ ಹೇಳುತ್ತದೆ. ನೀರು ಬೇಕಾ ಅಂತ ಕೇಳಿದರೆ ನಾವು ಬೇಡ ಅಂತಲೇ ಅನ್ನುತ್ತೇವೆ. ಕೇಳಬೇಡ, ಲೋಟ ಕೈಗೆ ಕೊಡು.

ಇನ್ನೊಂದು ಮಾತು, ಇದು ನಿನ್ನ ಪರವಾಗಿಯೇ. ಎಲ್ಲವನ್ನೂ ಒಬ್ಬಳೇ ತಲೆ ಮೇಲೆ ಹೊತ್ತುಕೊಂಡಿದ್ದೆ. ಹಾಗೆ ಹೊತ್ತವರಿಗೆ ಪ್ರತಿ ಅಡಚಣೆಯೂ ತನ್ನ ಮರ್ಯಾದೆ ಪ್ರಶ್ನೆ ಆಗಿಬಿಡುತ್ತದೆ. ಕೂತು ನೋಡುವವರಿಗೆ ಟೀಕೆ ಮಾಡುವುದೂ ಸುಲಭ. ಮುಂದಿನ ಸಲ ದಾರಿಯ ಹೊಣೆ ಅಣ್ಣನದ್ದಾಗಲಿ, ಮಕ್ಕಳದ್ದು ಅತ್ತಿಗೆಯದ್ದು. ಕೊಟ್ಟ ಮೇಲೆ ಹಿಂದಿನಿಂದ ಹೋಗಿ ತಿದ್ದಬೇಡ. ಅವರು ನಿನ್ನಷ್ಟು ಅಚ್ಚುಕಟ್ಟಾಗಿ ಮಾಡುವುದಿಲ್ಲ, ಮಾಡದಿರಲಿ.

ಹಾಳಾಯ್ತು ಅನ್ನುವ ಮಾತಿಗೂ ಸ್ವಲ್ಪ ಕಾಯಿ. 1997ರಲ್ಲಿ ಟೆರೆನ್ಸ್ ಮಿಚೆಲ್ ಮತ್ತು ಜೊತೆಯವರು ಪ್ರವಾಸ, ರಜೆಗಳಿಗೆ ಹೋದವರನ್ನು ಹೋಗುವ ಮುಂಚೆ, ಹೋದಾಗ, ಬಂದ ಮೇಲೆ ವಿಚಾರಿಸಿದರು. ಅದರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೂರು ವಾರ ಸೈಕಲ್ ತುಳಿದವರೂ ಇದ್ದರು. ಮುಂಚೆ ಇದ್ದ ಆಸೆಯೂ ಆಮೇಲಿನ ನೆನಪೂ ಚೆನ್ನಾಗಿದ್ದವು. ನಡುವೆ, ಪ್ರವಾಸ ನಡೆಯುತ್ತಿರುವಾಗ, ಅಷ್ಟು ಚೆನ್ನಾಗಿರಲಿಲ್ಲ. ಬೇಸರ, ಕಿರಿಕಿರಿಗಳು ಕೆಲವೇ ದಿನದಲ್ಲಿ ಮಾಸಿಹೋಗಿದ್ದವು. ನಿಮ್ಮ ಮಳೆಯೂ ಕರೆಂಟೂ ಹಾಗೇ ಮಾಸುತ್ತವೆ. ಮಕ್ಕಳು ಟಾರ್ಚ್ ಬೆಳಕಿನ ಕಥೆಯನ್ನು ಆಗಲೇ ನನಗೆ ಫೋನಿನಲ್ಲಿ ಹೇಳಿ ಕುಣಿಯುತ್ತಿದ್ದರು. ಆದರೆ ಅಣ್ಣನಿಗೆ ನೀನು ಅಂದ ಮಾತು, ‘ನಿನ್ನಿಂದ ಯಾವತ್ತು ಏನು ಆಗಿದೆ’ ಅಂದದ್ದು, ಅದು ತಾನಾಗಿ ಮಾಸುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಈ ವಾರವೇ ಫೋನು ಮಾಡು. ಯಾರದ್ದು ತಪ್ಪು ಅಂತ ಲೆಕ್ಕ ತೆಗೆಯಬೇಡ, ಮಳೆಯ ಸುದ್ದಿಯೇ ಬೇಡ. ಆ ಮಾತು ಅನ್ನಬಾರದಿತ್ತು ಅಂತ ಅಷ್ಟನ್ನೇ ಹೇಳು. ಅವನು ಸಿಡುಕಿದರೆ ಸಿಡುಕಲಿ, ಕೇಳಿಸಿಕೋ.

ಬ್ಯಾಗ್ ವಿಷಯ ಮರೆಯುತ್ತಿದ್ದೆ. ಮೊನ್ನೆ ಬಂತು, ಹಿಡಿಕೆ ಮುರಿದಿದೆ, ಬಿಡಿ ಹೋಗಲಿ ಅಂತ ಬರೆದಿದ್ದೀಯ. ಹೋಗಲಿ ಅನ್ನಬೇಡ. ಅಂತರರಾಷ್ಟ್ರೀಯ ವಿಮಾನಗಳಿಗೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯವಾಗುತ್ತದೆ. ಮುರಿದದ್ದಕ್ಕೆ ಬ್ಯಾಗ್ ಕೈಸೇರಿದ 7 ದಿನದೊಳಗೆ, ತಡವಾಗಿ ಬಂದದ್ದಕ್ಕೆ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಬಾಯಿಮಾತು ಸಾಲದು. ಬ್ಯಾಗ್ ಇಲ್ಲದೆ ಕೊಂಡ ಬಟ್ಟೆಬರೆಯ ರಸೀದಿಗಳನ್ನು ಜೊತೆಗೆ ಸೇರಿಸು. ಅದಕ್ಕೇ ಈ ಪತ್ರವನ್ನು ಅಂಚೆಗೆ ಹಾಕದೆ ಮೇಲ್ ಮಾಡುತ್ತಿದ್ದೇನೆ. ದೂರು ನಾಳೆಯೇ ಬರೆದು ಕಳಿಸು, ಕಳಿಸಿದ ಮೇಲೆ ನನಗೊಂದು ಪ್ರತಿ ಹಾಕು.

ನಿನ್ನ,
ಅತ್ತೆ